ಗುಂಯ್‌ಗುಟ್ಟುವ ಪೆಟ್ಟಿಗೆ

ರಾಮನಾಥಪುರಕ್ಕೆ ಹೋದವರು ಮೊದಲು ಇಳಿಯುವುದು ಹೊಳೆಗೆ. ರಾಮೇಶ್ವರನ ಗುಡಿಯ ಮಗ್ಗುಲಲ್ಲಿ ಹರಿಯುವ ಕಾವೇರಿಯ ಮಡುವಿಗೆ ವಹ್ನಿಪುಷ್ಕರಿಣಿಯೆಂದು ಹೆಸರು. ಅಲ್ಲಿ ತೋಳುದ್ದದ ಮೀನುಗಳು ಹಿಂಡು ಹಿಂಡಾಗಿ ತಿರುಗುತ್ತವೆ. ದೇವರ ಮೀನೆಂದು ಅವನ್ನು ಯಾರೂ ಹಿಡಿಯುವುದಿಲ್ಲ. ಒಂದು ಹಿಡಿ ಪುರಿ ಎರಚಿದರೆ ಸಾಕು, ನೀರೇ ಕುದಿಯುತ್ತಿದೆಯೋ ಎನ್ನುವಂತೆ ಮೇಲೆದ್ದು ಬರುತ್ತವೆ. ನಾನು ಹುಡುಗನಾಗಿದ್ದಾಗ ನಮ್ಮಜ್ಜಿ ಆ ಮೆಟ್ಟಿಲ ಮೇಲೆ ಕೂತು, "ಈ ನೀರೇ ಮುಂದೆ ಹೋಗಿ ದೀಪ ಆಗ್ತದಂತೆ ಕಣಪ್ಪ" ಎನ್ನುತ್ತಿದ್ದಳು. ಯಾರು ಹೇಳಿದ್ದರೋ ತಿಳಿಯದು. ಅಜ್ಜಿಗೆ ಅದು ಪುರಾಣದ ಮಾತಿನಷ್ಟೇ ನಂಬಿಕೆಯದಾಗಿತ್ತು.

ಮಾತು ನಿಜವೇ. ರಾಮನಾಥಪುರವನ್ನು ದಾಟಿದ ಕಾವೇರಿ ಚುಂಚನಕಟ್ಟೆಯಲ್ಲಿ ಧುಮುಕಿ, ಕೃಷ್ಣರಾಜಸಾಗರದಲ್ಲಿ ಹೇಮಾವತಿ ಲಕ್ಷ್ಮಣತೀರ್ಥಗಳೊಡನೆ ಕೂಡಿ, ಶ್ರೀರಂಗಪಟ್ಟಣವನ್ನು ಬಳಸಿ, ತಿರುಮಕೂಡಲಿನಲ್ಲಿ ಕಪಿಲೆಯನ್ನು ಸೇರಿಸಿಕೊಂಡು ಶಿವನಸಮುದ್ರಕ್ಕೆ ಹೋಗುತ್ತಾಳೆ. ಅಲ್ಲಿ ಆಕೆ ದೀಪವಾದದ್ದು ೧೯೦೨ರಲ್ಲಿ. ನೀರು ಹೋದ ದಾರಿ ಎಲ್ಲರಿಗೂ ಗೊತ್ತು. ದೀಪ ಹಿಂದಿರುಗಿ ಬಂದ ದಾರಿಯನ್ನು ಮಾತ್ರ ನಾವು ಅಷ್ಟಾಗಿ ಗಮನಿಸಿಲ್ಲ. ಆ ದಾರಿಯ ಪ್ರತಿಯೊಂದು ತಿರುವಿನಲ್ಲಿಯೂ ಒಂದು ಕಬ್ಬಿಣದ ಪೆಟ್ಟಿಗೆ ಹಗಲೂ ರಾತ್ರಿ ಗುಂಯ್‌ಗುಟ್ಟುತ್ತ ನಿಂತಿದೆ. ಸರ್ಕಾರದ ಕಾಗದಗಳಲ್ಲಿ ಅದು ವಿದ್ಯುತ್ ಪರಿವರ್ತಕ. ಓದಿದವರ ಬಾಯಲ್ಲಿ ಟ್ರಾನ್ಸ್‌ಫಾರ್ಮರು. ನಮ್ಮ ಕಡೆಯ ರೈತರ ಬಾಯಲ್ಲಿ ಬರಿಯ 'ಟೀಸಿ'. ದಿವಾನರಿಗೆ ಪ್ರತಿಮೆಯಾಯಿತು, ಅಣೆಕಟ್ಟಿಗೆ ಉದ್ಯಾನವಾಯಿತು. ಈ ಪೆಟ್ಟಿಗೆಯ ಕಡೆ ಕತ್ತೆತ್ತಿ ನೋಡುವುದು ಅದು ಸುಟ್ಟುಹೋದಾಗ ಮಾತ್ರ.

ನಾನು ನೋಡಿದ್ದೂ ಹಾಗೆಯೇ. ಕೆಲವು ವರ್ಷಗಳ ಕೆಳಗೆ ಏಪ್ರಿಲಿನಲ್ಲಿ ಊರಿಗೆ ಹೋಗಿದ್ದೆ. ಹೊಗೆಸೊಪ್ಪಿನ ಸಸಿಮಡಿಗೆ ದಿನವೂ ನೀರು ಬೇಕಾದ ಕಾಲ. ಅಂಥ ಸಮಯದಲ್ಲಿ ನಮ್ಮ ಹೊಲದ ಕಡೆಯ ಟೀಸಿ ಒಂದು ಮಧ್ಯಾಹ್ನ 'ಢಂ' ಎಂದು ಸದ್ದುಮಾಡಿ ಎಣ್ಣೆ ಕಾರಿಕೊಂಡು ನಿಂತುಹೋಯಿತು. ಬೇರೊಂದು ಬರಲು ಹನ್ನೊಂದು ದಿನ ಹಿಡಿಯಿತು. ತಮ್ಮನ ಮಗ ದಿನಕ್ಕೆರಡು ಸಲ ಕಚೇರಿಗೆ ಅಲೆದ. ಸಂಜೆ ಹೆಂಡತಿ ಮಕ್ಕಳೊಡನೆ ಕೊಡ ಹೊತ್ತ. "ನೋಡಿ ದೊಡ್ಡಪ್ಪ, ಕಣ್ಣೆದುರಿಗೇ ಹೊಳೆ ಹರೀತದೆ, ನಾವು ಮಡಿಗೆ ಕೊಡದಲ್ಲಿ ನೀರು ಹೊರ್ತಾ ಇದ್ದೀವಿ" ಎಂದ. ಅರ್ಧಕ್ಕರ್ಧ ಸಸಿ ಒಣಗಿದುವು. ಹೊಸ ಪೆಟ್ಟಿಗೆಯನ್ನು ಕಂಬಕ್ಕೇರಿಸಲು ಬಂದ ಲೈನ್‌ಮನ್ ಬೆವರೊರೆಸಿಕೊಳ್ಳುತ್ತ ಹೇಳಿದ: "ಏನ್ ಮಾಡಾದು ಮೇಷ್ಟ್ರೇ, ಇದನ್ನ ಹತ್ತು ಪಂಪಿಗೆ ಅಂತ ಹಾಕಿದ್ದು. ಈಗ ಹದಿನೆಂಟಾಗವೆ. ಅದಕ್ಕೂ ವಯಸ್ಸಾಗದೆ."

ಮೂವತ್ತು ವರ್ಷ ಚರಿತ್ರೆ ಪಾಠ ಹೇಳಿದ ನನಗೆ ಆ ಮಾತು ಮನಸ್ಸಿಗೆ ನಾಟಿತು. ಒಂದು ಪೆಟ್ಟಿಗೆಗೆ ವಯಸ್ಸಾಗುವುದೆಂದರೇನು? ಅದಕ್ಕೂ ಒಂದು ಚರಿತ್ರೆ ಇರಬೇಕಲ್ಲ? ಆಗ ಹುಡುಕಲು ಹೊರಟು ತಿಳಿದುಕೊಂಡುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪೆಟ್ಟಿಗೆಯ ಕೆಲಸವನ್ನು ಹೇಳಿಬಿಡಬೇಕು. ತಂತಿಯಲ್ಲಿ ವಿದ್ಯುತ್ತನ್ನು ದೂರಕ್ಕೆ ಕಳಿಸುವಾಗ ದಾರಿಯಲ್ಲಿ ತಂತಿ ಕಾದು ಸ್ವಲ್ಪ ಶಕ್ತಿ ಪೋಲಾಗುತ್ತದೆ. ವಿದ್ಯುತ್ತಿನ ಒತ್ತಡವನ್ನು, ಅಂದರೆ ವೋಲ್ಟೇಜನ್ನು, ಎರಡರಷ್ಟು ಮಾಡಿದರೆ ಅಷ್ಟೇ ಶಕ್ತಿಯನ್ನು ಸಾಗಿಸಲು ಅರ್ಧದಷ್ಟು ಪ್ರವಾಹ ಸಾಕು. ಪೋಲು ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಆದರೆ ಅಂಥ ಒತ್ತಡವನ್ನು ಹಾಗೆಯೇ ಮನೆಯೊಳಕ್ಕೆ ಬಿಟ್ಟುಕೊಂಡರೆ ಮನೆಯೂ ಉಳಿಯದು, ಮನೆಯವರೂ ಉಳಿಯರು. ಆದುದರಿಂದ ಹೊರಡುವಾಗ ಏರಿಸಬೇಕು, ತಲಪಿದ ಮೇಲೆ ಇಳಿಸಬೇಕು. ಈ ಏರಿಳಿತವನ್ನು ಮಾಡುವುದೇ ಪರಿವರ್ತಕ. ತೆಳುವಾದ ಉಕ್ಕಿನ ತಗಡುಗಳನ್ನು ಜೋಡಿಸಿದ ಒಂದು ಹೃದಯ. ಅದರ ಸುತ್ತ ಕಾಗದ ಸುತ್ತಿದ ತಂತಿಯ ಎರಡು ಸುರುಳಿಗಳು. ಎಲ್ಲವೂ ಎಣ್ಣೆಯಲ್ಲಿ ಮುಳುಗಿರುತ್ತವೆ. ಒಳಗೆ ತಿರುಗುವ ಚಕ್ರವಿಲ್ಲ, ಸವೆಯುವ ಹಲ್ಲಿಲ್ಲ. ಇದರ ಮೂಲತತ್ತ್ವವನ್ನು ಫ್ಯಾರಡೆ ೧೮೩೧ರಲ್ಲಿಯೇ ಕಂಡಿದ್ದ. ೧೮೮೫ರಲ್ಲಿ ಬುಡಾಪೆಸ್ಟಿನ ಗಾಂಜ್ ಕಾರ್ಖಾನೆಯ ಮೂವರು ಇಂಜಿನಿಯರುಗಳು ಅದಕ್ಕೆ ಬಳಕೆಗೆ ತಕ್ಕ ರೂಪ ಕೊಟ್ಟರು.

ಅಲ್ಲಿಂದ ಹದಿನೇಳೇ ವರ್ಷಕ್ಕೆ ಅದು ಮೈಸೂರು ಸಂಸ್ಥಾನಕ್ಕೆ ಬಂದಿತೆಂದರೆ ಇಂದಿಗೂ ಆಶ್ಚರ್ಯವಾಗುತ್ತದೆ. ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿ ಬೇಕಾಗಿತ್ತು. ಶಿವನಸಮುದ್ರದಲ್ಲಿ ಕಾವೇರಿ ಸುಮ್ಮನೆ ಧುಮುಕುತ್ತಿದ್ದಳು. ನಡುವೆ ಸುಮಾರು ೯೨ ಮೈಲಿಗಳ ದೂರ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಸಂಸ್ಥಾನದ ಇಂಜಿನಿಯರ್ ಜೋಲಿ ದ ಲೋಬಿನಿಯೇರ್ ಯೂರೋಪು ಅಮೆರಿಕಗಳನ್ನು ಸುತ್ತಿ ಬಂದು ಯೋಜನೆಯನ್ನು ರೂಪಿಸಿದರು. ನಯಾಗರದಿಂದ ಬಫಲೋ ಪಟ್ಟಣಕ್ಕೆ ವಿದ್ಯುತ್ತು ಹರಿದದ್ದು ೧೮೯೬ರಲ್ಲಿ. ಅದು ಮೂವತ್ತು ಮೈಲಿಯೂ ಇಲ್ಲದ ದೂರ. ಅದರ ಮೂರು ಪಟ್ಟು ದೂರವನ್ನು ನಮ್ಮ ಸಂಸ್ಥಾನ ಕೈಗೆತ್ತಿಕೊಂಡಿತು. ನೀರಿನ ಚಕ್ರಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪೆನಿಯಿಂದ ಬಂದುವು, ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯಿಂದ. ರೈಲು ಮುಗಿದಲ್ಲಿಂದ ಮುಂದಕ್ಕೆ ಆನೆಗಳೂ ಎತ್ತಿನ ಗಾಡಿಗಳೂ ಅವನ್ನು ಹೊತ್ತುವು. ೧೯೦೨ನೆಯ ಜೂನ್ ೩೦ರಂದು ಗಣಿಗೆ ವಿದ್ಯುತ್ತು ಮುಟ್ಟಿತು. ಅದನ್ನು ನೋಡಲು ಶೇಷಾದ್ರಿ ಅಯ್ಯರ್ ಇರಲಿಲ್ಲ; ಹಿಂದಿನ ವರ್ಷ ಸೆಪ್ಟೆಂಬರಿನಲ್ಲಿ ತೀರಿಕೊಂಡಿದ್ದರು.

ಈ ಕಥೆಯನ್ನು ನಾವು ಶಾಲೆಯಲ್ಲಿ ಹೇಳುವಾಗ ಜಲಪಾತದಿಂದ ಗಣಿಗೆ ಒಂದೇ ನೆಗೆತದಲ್ಲಿ ಹೋಗಿಬಿಡುತ್ತೇವೆ. ನಡುವಿನ ಲೆಕ್ಕವನ್ನು ನೋಡಿ. ಯಂತ್ರದಿಂದ ಹೊರಬಂದ ವಿದ್ಯುತ್ತಿನ ಒತ್ತಡ ೨,೨೦೦ ವೋಲ್ಟು. ಅದನ್ನು ಹಾಗೆಯೇ ೯೨ ಮೈಲಿ ಕಳಿಸಿದ್ದರೆ ಗಣಿಯನ್ನು ಮುಟ್ಟುವಷ್ಟರಲ್ಲಿ ಉಳಿಯುತ್ತಿದ್ದುದು ಅಷ್ಟಕ್ಕಷ್ಟೆ. ಪರಿವರ್ತಕಗಳು ಅದನ್ನು ಸುಮಾರು ೩೫,೦೦೦ಕ್ಕೆ ಏರಿಸಿದುವು. ಒತ್ತಡ ಹದಿನಾರು ಪಟ್ಟಾದರೆ ಅದೇ ತಂತಿಯಲ್ಲಿ ಪೋಲು ೨೫೬ರಲ್ಲಿ ಒಂದು ಪಾಲಾಗುತ್ತದೆ. ಜಲಪಾತವಿದ್ದುದು ಕಾವೇರಿಯ ದೊಡ್ಡತನ. ಗಣಿಯಲ್ಲಿ ಚಕ್ರ ತಿರುಗಿದ್ದು ಈ ಪೆಟ್ಟಿಗೆಗಳ ದೊಡ್ಡತನ. ಇನ್ನೊಂದು ಮಾತನ್ನೂ ಗಮನಿಸಬೇಕು. ನೀರಿನ ಚಕ್ರ, ತಂತಿ, ಪೆಟ್ಟಿಗೆ ಮೂರನ್ನೂ ಒಂದೇ ಯೋಜನೆಯಲ್ಲಿ ಒಂದೇ ಕೈ ಕೂಡಿಸಿತ್ತು. ಚಕ್ರ ಸಿದ್ಧವಾಗಿ ಪೆಟ್ಟಿಗೆಗೆ ಕಾಯುವ ಪ್ರಸಂಗವೇ ಬರದ ಹಾಗೆ ಕೆಲಸ ನಡೆದಿತ್ತು. ಈ ಮಾತು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಆರು ಯಂತ್ರಗಳಿಂದ ೪,೩೨೦ ಕಿಲೋವಾಟ್. ಆಗ ಅದು ಬೆಟ್ಟದಷ್ಟು. ಮೂರೇ ವರ್ಷದಲ್ಲಿ, ೧೯೦೫ರ ಆಗಸ್ಟಿನಲ್ಲಿ, ಬೆಂಗಳೂರಿನ ಬೀದಿಗಳಿಗೆ ದೀಪ ಬಂದಿತು. ರುಚಿ ಕಂಡವರು ಇನ್ನಷ್ಟು ಕೇಳಿದರು, ಗಣಿಗಳೂ ಕೇಳಿದುವು. ಕಾವೇರಿಯಾದರೋ ಮಳೆಗಾಲದಲ್ಲಿ ತುಂಬಿ ಹರಿಯುವಳು, ಬೇಸಗೆಯಲ್ಲಿ ಸೊರಗುವಳು. ಇಂದು ಸೂರ್ಯನನ್ನೂ ಗಾಳಿಯನ್ನೂ ನಂಬಲಾಗದೆಂದು ಮಾತನಾಡುವವರು ಇದನ್ನು ಮರೆಯಬಾರದು. ನಮ್ಮ ಮೊದಲ ವಿದ್ಯುತ್ತೂ ಋತುವನ್ನು ನಂಬಿಕೊಂಡಿದ್ದ ವಿದ್ಯುತ್ತೇ. ವಿಶ್ವೇಶ್ವರಯ್ಯನವರು ೧೯೧೧ರಲ್ಲಿ ಕನ್ನಂಬಾಡಿಯ ಕಟ್ಟೆಯನ್ನು ಮೊದಲಿಟ್ಟದ್ದು ಗದ್ದೆಗಳಿಗಾಗಿ ಮಾತ್ರವಲ್ಲ. ಶಿವನಸಮುದ್ರದ ಚಕ್ರಗಳಿಗೆ ಬೇಸಗೆಯಲ್ಲಿಯೂ ನೀರು ಸಿಗಲೆಂಬುದೂ ಮುಖ್ಯ ಕಾರಣವಾಗಿತ್ತು. ನಂಬಲಾಗದ ಹೊಳೆಗೆ ಅಂದಿನವರು ಒಂದು ಕಣಜ ಕಟ್ಟಿದರು.

ಶಕ್ತಿ ಹೆಚ್ಚಿದಂತೆಲ್ಲ ಒತ್ತಡವನ್ನೂ ಏರಿಸಬೇಕಾಯಿತು. ೩೫,೦೦೦ ವೋಲ್ಟಿನ ದಾರಿ ಮುಂದೆ ೭೮,೦೦೦ ಆಯಿತು. ಜೋಗದ ವಿದ್ಯುದಾಗಾರ ೧೯೪೮ರಲ್ಲಿ ಬಂದಿತು, ಶರಾವತಿಯದು ೧೯೬೪-೬೫ರಿಂದ. ಆ ಹೊತ್ತಿಗೆ ಮುಖ್ಯ ಮಾರ್ಗಗಳು ೨,೨೦,೦೦೦ ವೋಲ್ಟನ್ನು ಮುಟ್ಟಿದ್ದುವು. ಈಗ ೪,೦೦,೦೦೦ದ ಮಾರ್ಗಗಳು ನಮ್ಮ ಹಾಸನವನ್ನೂ ಹಾಯ್ದು ಹೋಗುತ್ತವೆ. ಒಂದೊಂದು ಮೆಟ್ಟಿಲೇರುವಾಗಲೂ ಹಳೆಯ ಪೆಟ್ಟಿಗೆಗಳನ್ನು ಇಳಿಸಿ ಹೊಸವನ್ನು ಕೂರಿಸಿದರು. ಸಂಸ್ಥಾನದ ಸರ್ಕಾರ ಇದಕ್ಕಾಗಿ ಹೊರದೇಶದ ದಾರಿ ನೋಡುತ್ತಲೇ ಕೂರಲಿಲ್ಲ. ೧೯೩೩ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ವಿದ್ಯುತ್ ಕಾರ್ಖಾನೆಯನ್ನು ತೆರೆಯಿತು. ಈಗಿನ 'ಕವಿಕ' ಅದೇ. ಮೈಸೂರು ರಸ್ತೆಯಲ್ಲಿ ಹೋಗುವಾಗ ಅದರ ಗೋಡೆಯನ್ನು ನೋಡಿದವರು ಬಹಳ ಮಂದಿ. ಹಳ್ಳಿಹಳ್ಳಿಯ ಕಂಬಗಳ ಮೇಲೆ ಕುಳಿತ ಎಷ್ಟೋ ಟೀಸಿಗಳ ತವರುಮನೆ ಅದೆಂದು ಬಲ್ಲವರು ಕಡಮೆ.

ಇಷ್ಟು ಬದಲಾವಣೆಗಳ ನಡುವೆಯೂ ಒಂದು ಸಂಗತಿ ಮಾತ್ರ ಬದಲಾಗಿರಲಿಲ್ಲ. ವಿದ್ಯುತ್ತು ಹೊಳೆಯ ಹಾಗೆ ಮೇಲಿನಿಂದ ಕೆಳಕ್ಕೆ ಹರಿಯುತ್ತಿತ್ತು. ವಿದ್ಯುದಾಗಾರದಿಂದ ಪಟ್ಟಣಕ್ಕೆ, ಪಟ್ಟಣದಿಂದ ಹೋಬಳಿಗೆ, ಹೋಬಳಿಯಿಂದ ನಮ್ಮ ಹೊಲದ ಕಂಬಕ್ಕೆ. ಸಂಜೆ ಹೊರೆ ಏರುತ್ತಿತ್ತು, ನಡುರಾತ್ರಿ ಇಳಿಯುತ್ತಿತ್ತು. ಪೆಟ್ಟಿಗೆಯನ್ನು ಮಾಡಿದವನು ಈ ದಿನಚರಿಯನ್ನು ನಂಬಿಯೇ ಮಾಡಿದ. ದಿನಕ್ಕೆ ಕೆಲವು ಗಂಟೆ ದುಡಿದು ಉಳಿದ ವೇಳೆ ತಣ್ಣಗಾಗುವ ಯಂತ್ರ ಇಪ್ಪತ್ತೈದು ಮೂವತ್ತು ವರ್ಷ ನಿರಾತಂಕವಾಗಿ ಬಾಳುತ್ತದೆ.

ಈ ದಿನಚರಿ ಈಗ ತಲೆಕೆಳಗಾಗಿದೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ತಿರುಮಣಿ, ವಳ್ಳೂರು ಮೊದಲಾದ ಐದು ಹಳ್ಳಿಗಳ ಸುಮಾರು ೧೩,೦೦೦ ಎಕರೆ ಒಣ ನೆಲವನ್ನು ರೈತರಿಂದ ಗೇಣಿಗೆ ಪಡೆದು ಸೌರ ಫಲಕಗಳನ್ನು ಹಾಸಿದ್ದಾರೆ. ೨೦೧೮ರಲ್ಲಿ ಉದ್ಘಾಟನೆಯಾದ ಈ ಉದ್ಯಾನದ ಶಕ್ತಿ ೨,೦೫೦ ಮೆಗಾವಾಟ್. ಶಿವನಸಮುದ್ರದ ಮೊದಲ ಆರು ಯಂತ್ರಗಳನ್ನು ೪೭೦ಕ್ಕೂ ಹೆಚ್ಚು ಸಲ ಗುಣಿಸಿದರೆ ಇಷ್ಟಾದೀತು. ಮಳೆ ಬಾರದ ಊರಿನಲ್ಲಿ ಬಿಸಿಲೇ ಬೆಳೆಯಾಯಿತೆಂಬುದು ಸಂತೋಷದ ಮಾತೇ. ಚಿತ್ರದುರ್ಗ ಗದಗುಗಳ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ೨೦೨೪ರಿಂದ ಕೇಂದ್ರ ಸರ್ಕಾರವು ಮನೆಯ ತಾರಸಿಯ ಫಲಕಗಳಿಗೆ ೭೮,೦೦೦ ರೂಪಾಯಿಯವರೆಗೆ ಸಹಾಯಧನ ಕೊಡುತ್ತಿದೆ. ಈಗ ವಿದ್ಯುತ್ತು ತುದಿಯಿಂದಲೂ ಹುಟ್ಟುತ್ತದೆ. ಹೊಳೆ ಕೆಲವು ಗಂಟೆಗಳ ಕಾಲ ಮೇಲಕ್ಕೆ ಹರಿಯುತ್ತದೆ.

ಇದರ ಅನುಭವ ನನಗೆ ಬೆಂಗಳೂರಿನ ನಮ್ಮ ಮನೆಯಲ್ಲಿಯೇ ಆಯಿತು. ಬೀದಿಯಲ್ಲಿ ಮೊದಲಿಗನಾಗಿ ಫಲಕಗಳನ್ನು ಹಾಕಿಸಿಕೊಂಡು ಬೀಗುತ್ತಿದ್ದೆ. ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಹಾಕಿಸಿದರು. ಆಮೇಲೆ ನೋಡುತ್ತೇನೆ, ರಣಬಿಸಿಲಿನ ಮಧ್ಯಾಹ್ನ ನನ್ನ ಯಂತ್ರ ತಾನಾಗಿ ನಿಂತುಬಿಡುತ್ತದೆ! ರಿಪೇರಿಗೆ ಬಂದ ಹುಡುಗ ಅಳೆದು, "ಸಾರ್, ೨೩೦ ಇರಬೇಕಾದ ವೋಲ್ಟೇಜು ೨೫೦ ದಾಟಿದೆ. ನಿಮ್ಮ ಯಂತ್ರದ ತಪ್ಪಲ್ಲ" ಎಂದ. ಎಲ್ಲ ತಾರಸಿಗಳೂ ಒಟ್ಟಿಗೆ ವಿದ್ಯುತ್ತನ್ನು ಹೊರದೂಡುತ್ತಿವೆ, ಕೊಳ್ಳುವವರೆಲ್ಲ ಕಚೇರಿಗೆ ಹೋಗಿದ್ದಾರೆ. ಬೀದಿಯ ಕೊನೆಯ ಪೆಟ್ಟಿಗೆ ಇಳಿಸುವುದಕ್ಕೆಂದು ಹೊಂದಿಸಿಟ್ಟದ್ದು. ಒತ್ತಡ ಏರಿದಾಗ ಹೊಂದಿಕೊಳ್ಳುವ ಉಪಾಯ ಅದರಲ್ಲಿಲ್ಲ. ದೊಡ್ಡ ಪರಿವರ್ತಕಗಳಿಗೆ ಈ ಉಪಾಯವುಂಟು. ವಿದ್ಯುತ್ತು ಹರಿಯುತ್ತಿರುವಾಗಲೇ ಸುರುಳಿಯ ಸುತ್ತುಗಳನ್ನು ಹೆಚ್ಚುಕಡಮೆ ಮಾಡುವ ಸಾಧನವನ್ನು ಜರ್ಮನಿಯ ಯಾನ್ಸನ್ ೧೯೨೭ರ ಹೊತ್ತಿಗೇ ಕಂಡುಹಿಡಿದಿದ್ದ. ಅದು ದೊಡ್ಡವರ ಮನೆಯ ಸೌಕರ್ಯವಾಗಿಯೇ ಉಳಿಯಿತು. ಬೀದಿಯ ಟೀಸಿಗೆ ಬಹುಮಟ್ಟಿಗೆ ಇಳಿದು ಬರಲಿಲ್ಲ.

ಲೈನ್‌ಮನ್ ಹೇಳಿದ 'ವಯಸ್ಸು' ಎಲ್ಲಿರುತ್ತದೆಂಬುದೂ ಆಮೇಲೆ ತಿಳಿಯಿತು. ಅದು ಉಕ್ಕಿನಲ್ಲಿಲ್ಲ, ತಂತಿಯಲ್ಲಿಲ್ಲ. ತಂತಿಗೆ ಸುತ್ತಿದ ಕಾಗದದಲ್ಲಿದೆ. ಮರದ ನಾರಿನಿಂದ ಮಾಡಿದ ಆ ಕಾಗದ ಬಿಸಿಯಿಂದಲೂ ತೇವದಿಂದಲೂ ಹಳೆಯ ತಾಳೆಗರಿಯಂತೆ ಗರಿಗರಿಯಾಗುತ್ತ ಹೋಗುತ್ತದೆ. ತಾಳಬಲ್ಲ ಮಿತಿಯ ಮೇಲೆ ಆರೇಳು ಡಿಗ್ರಿ ಬಿಸಿ ಹೆಚ್ಚಿದರೆ ಅದರ ಆಯುಸ್ಸು ಅರ್ಧವಾಗುತ್ತದೆಂಬುದು ಇಂಜಿನಿಯರುಗಳ ಲೆಕ್ಕ. ಎಣ್ಣೆಯನ್ನು ಬದಲಾಯಿಸಬಹುದು, ಕಾಗದವನ್ನು ಬದಲಾಯಿಸಬೇಕಾದರೆ ಪೆಟ್ಟಿಗೆಯನ್ನೇ ಬಿಚ್ಚಿ ಸುರುಳಿಯನ್ನು ಹೊಸದಾಗಿ ಸುತ್ತಬೇಕು.

ಹೊಸ ದಿನಚರಿ ಈ ಕಾಗದಕ್ಕೆ ಹಲವು ಬಗೆಯಲ್ಲಿ ತೊಂದರೆ ಕೊಡುತ್ತದೆ. ಸೌರ ಸ್ಥಾವರದ ಪೆಟ್ಟಿಗೆ ನಡುಹಗಲಿನಲ್ಲಿ, ಹೊರಗಿನ ಗಾಳಿಯೂ ಕಾದಿರುವಾಗಲೇ, ಪೂರ್ಣ ಹೊರೆ ಹೊರಬೇಕು. ಮೋಡ ಬಂದರೆ ಹೊರೆ ಕುಸಿಯುತ್ತದೆ, ಸರಿದರೆ ಮತ್ತೆ ಏರುತ್ತದೆ. ಬಿಸಿಯಾದಾಗ ಎಣ್ಣೆ ಹಿಗ್ಗುತ್ತದೆ, ತಣಿದಾಗ ಕುಗ್ಗಿ ಹೊರಗಿನ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಪೆಟ್ಟಿಗೆ ಉಸಿರಾಡುತ್ತದೆಂದೇ ಹೇಳಬಹುದು. ಆ ಉಸಿರಿನ ದಾರಿಯಲ್ಲಿ ತೇವ ಹೀರುವ ನೀಲಿ ಹರಳುಗಳ ಬುರುಡೆಯೊಂದನ್ನು ಇಟ್ಟಿರುತ್ತಾರೆ. ಹರಳು ಗುಲಾಬಿಯಾದರೆ ಬದಲಾಯಿಸಬೇಕು. ಯಾರೂ ನೋಡದಿದ್ದರೆ ತೇವ ಎಣ್ಣೆಗೂ ಅಲ್ಲಿಂದ ಕಾಗದಕ್ಕೂ ಇಳಿಯುತ್ತದೆ. ಸೌರಫಲಕದ ನೇರ ವಿದ್ಯುತ್ತನ್ನು ಮನೆಯ ವಿದ್ಯುತ್ತಾಗಿ ಮಾಡುವ ಯಂತ್ರಗಳಿಂದ ಅಲೆಗಳೂ ಪೂರಾ ನಯವಾಗಿರುವುದಿಲ್ಲ. ಆ ಒರಟು ಅಲೆಗಳು ಸುರುಳಿಯಲ್ಲಿ ಹೆಚ್ಚು ಬಿಸಿಯನ್ನು ಹುಟ್ಟಿಸುತ್ತವೆ.

ಹಾಗಾದರೆ ಸೂರ್ಯನನ್ನು ದೂರಬೇಕೆ? ಖಂಡಿತ ಬೇಡ. ನಮ್ಮೂರಿನ ಟೀಸಿ ಸುಟ್ಟದ್ದು ಸೂರ್ಯನ ದೆಸೆಯಿಂದಲ್ಲ. ಹತ್ತರ ಜಾಗದಲ್ಲಿ ಹದಿನೆಂಟನ್ನು ಹೇರಿದ್ದರಿಂದ. ವಾಸ್ತವವಾಗಿ ಬಿಸಿಲೂ ಪಂಪೂ ಒಂದೇ ಹೊತ್ತಿನವು. ಹೊಲಕ್ಕೆ ನೀರು ಬೇಕಾದಾಗಲೇ ಬಿಸಿಲಿರುತ್ತದೆ. ಹಳ್ಳಿಯ ಹತ್ತಿರದ ಉಪಕೇಂದ್ರದ ಬಳಿಯೇ ಸಣ್ಣ ಸೌರ ಸ್ಥಾವರವಿಟ್ಟು ಅಲ್ಲಿಯ ಪಂಪುಗಳಿಗೆ ಹಗಲಿನಲ್ಲಿ ವಿದ್ಯುತ್ತು ಕೊಡುವ ಏರ್ಪಾಡು ೨೦೧೯ರಲ್ಲಿ ಆರಂಭವಾದ ಕುಸುಮ್ ಯೋಜನೆಯಲ್ಲಿ ಸೇರಿದೆ. ಹುಟ್ಟಿದ ವಿದ್ಯುತ್ತು ಅಲ್ಲಿಯೇ ಖರ್ಚಾದರೆ ಮೇಲಿನ ದೊಡ್ಡ ಪೆಟ್ಟಿಗೆಗೆ ಹಗಲಿನ ಹೊರೆಯೇ ಇಳಿಯುತ್ತದೆ. ರೈತ ನಡುರಾತ್ರಿ ಟಾರ್ಚು ಹಿಡಿದು, ಹಾವು ಚೇಳುಗಳ ನಡುವೆ ಪಂಪು ಹಾಕಲು ಹೋಗುವುದು ತಪ್ಪುತ್ತದೆ. ಆದರೆ ಹೊಲದ ಕಂಬದ ಮೇಲಿನ ಪೆಟ್ಟಿಗೆ ಹದಿನೆಂಟು ಪಂಪುಗಳನ್ನು ಹೊರುವುದು ಹಾಗೆಯೇ ಉಳಿಯುತ್ತದೆ. ಅದನ್ನು ದೊಡ್ಡದು ಮಾಡದೆ ಗತ್ಯಂತರವಿಲ್ಲ.

ಎಲ್ಲವನ್ನೂ ಕಿತ್ತು ಹೊಸದು ತರಬೇಕೆಂದೂ ಅಲ್ಲ. ವೈದ್ಯರು ರಕ್ತ ಪರೀಕ್ಷೆ ಮಾಡುವಂತೆ ದೊಡ್ಡ ಪೆಟ್ಟಿಗೆಗಳ ಎಣ್ಣೆಯನ್ನು ಪರೀಕ್ಷಿಸಿ, ಅದರಲ್ಲಿ ಕರಗಿರುವ ಅನಿಲಗಳಿಂದ ಒಳಗಿನ ಕಾಯಿಲೆಯನ್ನು ಹೇಳಬಹುದು. ಎಣ್ಣೆಯನ್ನು ಸೋಸಿ ತೇವ ತೆಗೆಯಬಹುದು. ಫ್ಯಾನು ಜೋಡಿಸಿ ತಣ್ಣಗಿರಿಸಿದರೆ, ಅದಕ್ಕೆ ತಕ್ಕಂತೆ ಕಟ್ಟಿದ ಪೆಟ್ಟಿಗೆ ಹೆಚ್ಚಿನ ಹೊರೆಯನ್ನು ತಾಳುತ್ತದೆ. ಸಸ್ಯದ ಎಣ್ಣೆಯಿಂದ ತಯಾರಿಸಿದ ದ್ರವವನ್ನು ತುಂಬಿದರೆ ಕಾಗದದ ತೇವವನ್ನು ಅದು ಹೀರಿಕೊಳ್ಳುತ್ತದೆ, ಬೆಂಕಿಯ ಭಯವೂ ಕಡಮೆ. ಪರಿವರ್ತಕಗಳನ್ನು ಪರೀಕ್ಷಿಸಿ ನೋಡುವ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ೧೯೬೦ರಿಂದ ಬೆಂಗಳೂರಿನಲ್ಲಿಯೇ ಇದೆ. ವಿದ್ಯೆಗೆ ನಮಗೆ ಬಡತನವಿಲ್ಲ.

ಬಡತನವಿರುವುದು ಮುಂದಾಲೋಚನೆಗೆ. ಸೌರ ಸ್ಥಾವರವನ್ನು ಒಂದೆರಡು ವರ್ಷದಲ್ಲಿ ಎಬ್ಬಿಸಬಹುದು. ಅದರ ವಿದ್ಯುತ್ತನ್ನು ಹೊರುವ ಮಾರ್ಗಕ್ಕೂ ಪರಿವರ್ತಕಕ್ಕೂ ಅದಕ್ಕಿಂತ ಹೆಚ್ಚು ಕಾಲ ಬೇಕು. ಈಗಂತೂ ಲೋಕದಲ್ಲೆಲ್ಲ ಒಟ್ಟಿಗೆ ಬೇಡಿಕೆ ಬಂದು, ದೊಡ್ಡ ಪೆಟ್ಟಿಗೆಗೆ ಹಲವು ದೇಶಗಳು ಎರಡು ಮೂರು ವರ್ಷ ಕಾಯುತ್ತಿವೆ. ಅದರ ಹೃದಯಕ್ಕೆ ಬೇಕಾದ ವಿಶೇಷ ಉಕ್ಕಿನ ಬಹುಪಾಲನ್ನು ನಾವು ಹೊರಗಿನಿಂದ ತರಿಸುತ್ತಾ ಬಂದಿದ್ದೇವೆ. ರಾಜಸ್ಥಾನದಲ್ಲಿ ೨೦೨೫ರಲ್ಲಿ, ಸಾಗಿಸುವ ದಾರಿ ಸಾಲದೆ, ಸಿದ್ಧವಾಗಿದ್ದ ಸೌರ ಸ್ಥಾವರಗಳ ಉತ್ಪಾದನೆಯನ್ನು ನಡುಹಗಲಿನಲ್ಲಿ ತಗ್ಗಿಸಬೇಕಾಗಿ ಬಂದಿತು. ೧೯೦೨ರಲ್ಲಿ ಚಕ್ರ, ತಂತಿ, ಪೆಟ್ಟಿಗೆಗಳನ್ನು ಒಂದೇ ಕೈ ಕೂಡಿಸಿತ್ತೆಂದು ಹೇಳಿದೆನಲ್ಲ. ಇಂದು ಫಲಕ ಒಬ್ಬರದು, ತಂತಿ ಇನ್ನೊಬ್ಬರದು, ಕಂಬದ ಮೇಲಿನ ಪೆಟ್ಟಿಗೆ ಮತ್ತೊಬ್ಬರದು. ಫಲಕಕ್ಕೆ ಉದ್ಘಾಟನೆಯುಂಟು, ಹಾರವುಂಟು. ಪೆಟ್ಟಿಗೆಯನ್ನು ಬದಲಾಯಿಸಿದವರಿಗೆ ಯಾರು ಹಾರ ಹಾಕುತ್ತಾರೆ? ಆದುದರಿಂದ ಹಣವೂ ಅದಕ್ಕೆ ಕೊನೆಯಲ್ಲಿ ಬರುತ್ತದೆ. ಕೊನೆಯಲ್ಲಿ ಬಂದದ್ದು ತಂತಿಯ ಕೊನೆಯಲ್ಲಿರುವ ಹಳ್ಳಿಗೆ ಎಲ್ಲರಿಗಿಂತ ಕೊನೆಯಲ್ಲಿ ಮುಟ್ಟುತ್ತದೆ. ನಮ್ಮ ಬೀದಿಯಲ್ಲಿ ಪೆಟ್ಟಿಗೆ ಕೆಟ್ಟರೆ ನನಗೆ ತಿಂಗಳಿಗೆ ಒಂದಿಷ್ಟು ರೂಪಾಯಿ ನಷ್ಟ. ತಮ್ಮನ ಮಗನಿಗೆ ಒಂದು ವರ್ಷದ ಬೆಳೆ ನಷ್ಟ. ಪಟ್ಟಣದ ನಾವು ತಾರಸಿಯ ಮೇಲೆ ಫಲಕ ಹಾಸಿ ಲೋಕೋಪಕಾರ ಮಾಡಿದೆವೆಂದು ತೃಪ್ತರಾಗುವ ಮೊದಲು ಈ ವ್ಯತ್ಯಾಸವನ್ನು ನೆನೆಯಬೇಕು.

ಕೋಲಾರದ ಗಣಿಗಳು ೨೦೦೧ರಲ್ಲಿ ಮುಚ್ಚಿದುವು. ಯಾರಿಗಾಗಿ ಆ ದಾರಿಯನ್ನು ಹಾಕಿದರೋ ಅವರೇ ಇಲ್ಲ. ಶಿವನಸಮುದ್ರ ಮಾತ್ರ ಇನ್ನೂ ಇದೆ. ಮೊದಲಿನ ಹತ್ತು ಪಟ್ಟಿಗೆ, ೪೨ ಮೆಗಾವಾಟಿಗೆ, ಬೆಳೆದು ನೂರಿಪ್ಪತ್ತು ವರ್ಷಗಳನ್ನು ದಾಟಿದೆ. ಕಾಲಕಾಲಕ್ಕೆ ಹಳೆಯದನ್ನು ಇಳಿಸಿ ಹೊಸದನ್ನು ಕೂರಿಸುವವರು ಇದ್ದುದರಿಂದಲೇ ಅದು ಬಾಳಿತು.

ಕಳೆದ ಸುಬ್ರಹ್ಮಣ್ಯ ಷಷ್ಠಿಯ ತೇರಿಗೆ ಊರಿಗೆ ಹೋಗಿದ್ದೆ. ಸಂಜೆ ಹೊಳೆಯಿಂದ ಬರುವಾಗ ನಮ್ಮ ಹೊಲದ ದಾರಿ ಹಿಡಿದೆ. ಹೊಸ ಟೀಸಿ ಗುಂಯ್‌ಗುಟ್ಟುತ್ತಿತ್ತು. ತಮ್ಮನ ಮಗ ಪಂಪು ನಿಲ್ಲಿಸಿ ಬಂದು ಪಕ್ಕದಲ್ಲಿ ನಿಂತ. "ಎಷ್ಟು ಪಂಪು ಈಗ?" ಎಂದು ಕೇಳಿದೆ.

"ಇಪ್ಪತ್ತೊಂದು ದೊಡ್ಡಪ್ಪ" ಎಂದ.

ಪೆಟ್ಟಿಗೆ ಮಾತ್ರ ಹಿಂದಿನಷ್ಟೇ ದೊಡ್ಡದಿತ್ತು.